ಮೊರನಿಗೆ ಮಾತ್ರ

ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವನು ಒಂದು ಕೈಯಲ್ಲಿ ಫೋನು ಹಿಡಿದು ಆಫೀಸಿನ ಸರ್ವರಿನ ದಾಖಲೆ ತೆರೆದ. ಇದು ಕೆಲಸವಲ್ಲ, ಚಟ. ಕೆಲಸವೆಂದರೆ ಆಮೇಲೆ, ಆಫೀಸಿನ ಕುರ್ಚಿಯಲ್ಲಿ ಕೂತು, ಬೆನ್ನು ನೋಯಿಸಿಕೊಂಡು ಮಾಡುವಂಥದ್ದು. ಆಫೀಸಿನ ಧ್ವನಿ ಕಾರ್ಯಕ್ರಮದ ಹೊಸ ಸಂಚಿಕೆ ಬಂದಿದೆಯೇ ಎಂದು ಯಾವ ಫೋನು ಯಾವ ಊರಿನ ಕಡೆಯಿಂದ ಕೇಳಿಕೊಂಡು ಬಂದಿತ್ತು ಎನ್ನುವುದೆಲ್ಲ ಆ ದಾಖಲೆಯಲ್ಲಿ ಸಾಲುಸಾಲಾಗಿ ಇರುತ್ತದೆ. ಅಷ್ಟೊಂದು ಸಾಲುಗಳಲ್ಲಿ ಅವನಿಗೆ ಬೇಕಾದದ್ದು ಒಂದೇ, ಬಂದರಿನ ಊರಿನಿಂದ ಬಂದು ಹೋಗುವ ಒಂದು ಹಳೆಯ ಫೋನಿನದು. ಬಂದಿತ್ತು. ಬಂದು, ಕೇಳಿ, ಹೊಸದೇನೂ ಇಲ್ಲವೆಂದು ತಿಳಿದುಕೊಂಡು, ಸುಮ್ಮನೆ ಹಿಂದಿರುಗಿತ್ತು. ಸರಿ, ಅಕ್ಕ ಇದ್ದಾಳೆ. ಬಾಯಲ್ಲಿ ತುಂಬಿಕೊಂಡಿದ್ದ ನೊರೆಯನ್ನು ಅವನು ಆಗ ಉಗಿದ. ಕನ್ನಡಿಯಲ್ಲಿ ಕಂಡ ಮುಖ ರಾತ್ರಿಯೆಲ್ಲ ಮಲಗಿ ಎದ್ದವನ ಹಾಗಿರಲಿಲ್ಲ, ಎಲ್ಲೋ ನಡೆದು ಬಂದವನ ಹಾಗಿತ್ತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ ಜೋಡಿಸುತ್ತಿದ್ದಳು. ನಿನ್ನೆ ಸಂಜೆ ಭಾವ ಫೋನ್ ಮಾಡಿದ್ದ. ಭಾವ ಫೋನ್ ಮಾಡಿದ ಮಾರನೆಯ ದಿನ ಪಾತ್ರೆಗಳು ಹೀಗೆಯೇ ಮಾತಾಡುತ್ತವೆ.

ಭಾವ ಜಗಳವಾಡುವ ಮನುಷ್ಯನಲ್ಲ. ಬೈಯುವುದಿಲ್ಲ, ಬೆದರಿಸುವುದಿಲ್ಲ. ಅಮ್ಮನ ಮಂಡಿ ನೋವು ಹೇಗಿದೆ, ಔಷಧಿ ಮುಗಿದಿಲ್ಲ ತಾನೇ ಎಂದೆಲ್ಲ ವಿಚಾರಿಸಿ, ಕೊನೆಗೆ ನಿಧಾನವಾಗಿ, ಎಲ್ಲಿದ್ದಾಳೆ ಅಂತ ಏನಾದರೂ ಗೊತ್ತಾಯಿತಾ ಎಂದು ಕೇಳುತ್ತಾನೆ. ಅಮ್ಮ ಫೋನನ್ನು ಬಿಸಿ ಪಾತ್ರೆ ಹಿಡಿದವಳಂತೆ ಮಗನಿಗೆ ದಾಟಿಸುತ್ತಾಳೆ. ಗೊತ್ತಿಲ್ಲ ಭಾವ ಎಂದು ಅವನು ಹೇಳುತ್ತಾನೆ. ಹೇಳುವಾಗ ಒಂದು ಕೈ ತಾನಾಗಿಯೇ ಕಿವಿಗೆ ಹೋಗುತ್ತದೆ. ಚಿಕ್ಕಂದಿನಿಂದಲೂ ಅವನ ಕಿವಿಗಳು ಮುಖಕ್ಕಿಂತ ಒಂದು ಅಳತೆ ದೊಡ್ಡವು. ಮೊರದಗಲ ಕಿವಿ ಮಾಡಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿರುತ್ತಾನೆ ಎಂದು ಅಕ್ಕನೇ ಅವನಿಗೆ ಮೊರ ಎಂದು ಹೆಸರಿಟ್ಟವಳು. ಮನೆಯಲ್ಲಿ ಎಲ್ಲರೂ ಸ್ವಲ್ಪ ದಿನ ಹಾಗೆ ಕರೆದು ಬಿಟ್ಟರು, ಅಕ್ಕ ಬಿಡಲಿಲ್ಲ. ಮೊರ, ಬಾ ಇಲ್ಲಿ. ಮೊರ, ಯಾರಿಗೂ ಹೇಳಬೇಡ. ನಿನಗೆ ಮಾತ್ರ ಹೇಳ್ತಿದೀನಿ.

ಆಫೀಸು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಔಷಧಿಯ ವಾಸನೆ, ಗಾಜಿನ ಬಾಗಿಲಾಚೆ ದವಡೆ ಹಿಡಿದುಕೊಂಡು ಕೂತವರ ಸಾಲು. ಡಾಕ್ಟರು ಹಲ್ಲು ಕೊರೆಯುವಾಗ ಮೇಲೆ ದನಿ ಮುದ್ರಣ ಮಾಡುವ ಹಾಗಿಲ್ಲ, ನೆಲದ ಮೂಲಕ ಗುಂಯ್ ಎನ್ನುವುದು ಮೈಕಿಗೆ ಹತ್ತುತ್ತದೆ. ಆದ್ದರಿಂದ ಡಾಕ್ಟರು ಊಟಕ್ಕೆ ಹೋದಾಗ ಮಾತ್ರ ಇಲ್ಲಿ ಮುದ್ರಣ, ಇಲ್ಲಿಯವರ ಊಟ ಡಾಕ್ಟರು ವಾಪಸು ಬಂದ ಮೇಲೆ. ಈ ಸಣ್ಣ ಕೋಣೆಯಿಂದ ಹೊರಡುವ ದನಿಯನ್ನು ಚಂದಾ ಕೊಟ್ಟವರು ಮಾತ್ರ ಕೇಳಬೇಕು, ಮಿಕ್ಕವರು ಕೇಳಬಾರದು. ಅದಕ್ಕೆ ಕಾವಲು ಅವನು. ಚಂದಾದಾರರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕು, ಅದರ ಬಾಲದಲ್ಲಿ ಯಾರ ಬಾಯಿಗೂ ದಕ್ಕದಂಥ ಅಕ್ಷರಗಳ ಉದ್ದನೆಯ ಗೋಜಲು. ಅದನ್ನು ತಮ್ಮ ಫೋನಿನ ಆಪಿನಲ್ಲಿ ಒಮ್ಮೆ ಅಂಟಿಸಿದರೆ ಸಾಕು, ಆಮೇಲೆ ಆಪೇ ಆಗಾಗ ಬಂದು ಹೊಸದನ್ನು ಕೇಳಿ ಇಳಿಸಿಕೊಂಡು ಹೋಗುತ್ತದೆ. ನೀವು ಯಾರು, ಗುಪ್ತಪದ ಏನು ಎಂದು ಅದನ್ನು ಯಾರೂ ಕೇಳುವುದಿಲ್ಲ. ಲಿಂಕೇ ಬೀಗದ ಕೈ. ಲಿಂಕು ಕೊಟ್ಟರೆ ಮನೆಯನ್ನೇ ಬಿಟ್ಟುಕೊಟ್ಟ ಹಾಗೆ. ಕೊಡದಿರಲೆಂದು ಅವನೇ ಒಂದು ಉಪಾಯ ಮಾಡಿದ್ದ. ಆಪಿನಲ್ಲಿ ಕಾರ್ಯಕ್ರಮದ ಹೆಸರಿನ ಕೆಳಗೆ ಇಂಥವರಿಗೆ ಮಾತ್ರ ಎಂದು ಚಂದಾದಾರರ ಹೆಸರು ಕಾಣುತ್ತದೆ. ತನ್ನ ಹೆಸರು ಹೊತ್ತ ವಸ್ತುವನ್ನು ಜನ ಬೀದಿಗೆ ಬಿಡಲು ನಾಚುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಅಷ್ಟಾಗಿ ಯಾರೂ ನಾಚುತ್ತಿರಲಿಲ್ಲ. ಇಡೀ ವಾಕಿಂಗ್ ಗುಂಪಿಗೆ ಲಿಂಕು ಹಂಚಿದ್ದ ನಿವೃತ್ತ ಅಧಿಕಾರಿಯೊಬ್ಬರು ಫೋನ್ ಮಾಡಿ, ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೂ ಕಳ್ಳತನವೇನ್ರೀ ಎಂದು ಅವನನ್ನೇ ಗದರಿಸಿದ್ದರು. ಇನ್ನೊಬ್ಬಾಕೆ, ಫೋನಿನಲ್ಲಿ ಎಲ್ಲ ಇಳಿದಿದೆ, ನಾನು ಒಂದನ್ನೂ ಕೇಳಿಲ್ಲ, ನನ್ನ ಹೆಸರಿಗೆ ಯಾಕೆ ಕೇಳಿದ್ದಾರೆಂದು ಬರೆದುಕೊಂಡಿದ್ದೀರಿ ಎಂದು ತಕರಾರು ತೆಗೆದಿದ್ದರು. ಇಳಿಸಿಕೊಂಡದ್ದು ಕೇಳಿದಂತಲ್ಲ ಮೇಡಂ, ಆಪು ತಾನಾಗಿ ಇಳಿಸಿಕೊಳ್ಳುತ್ತೆ, ಫೋನು ಪೆಟ್ಟಿಗೆಯಲ್ಲಿದ್ದರೂ ಇಳಿಸಿಕೊಳ್ಳುತ್ತೆ ಎಂದು ಅವನು ತಾಳ್ಮೆಯಿಂದ ತಿಳಿಸಿ ಹೇಳಿದ್ದ. ಇದನ್ನು ಎಲ್ಲರಿಗೂ ಹೇಳುತ್ತಾ ಬಂದವನು ದಿನಾ ಬೆಳಿಗ್ಗೆ ಬ್ರಷ್ಷು ಕಚ್ಚಿಕೊಂಡು, ಅಕ್ಕ ಕೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ.

ಮೇಜಿನ ಸುತ್ತ ಎಲ್ಲರೂ ಆಗಲೇ ಕೂತಿದ್ದರು. ಮೇಡಂ ಅವನಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಕೆಲಸದಲ್ಲಿ ದೊಡ್ಡವಳು, ಅದನ್ನು ಎಂದೂ ತೋರಿಸಿಕೊಳ್ಳುತ್ತಿರಲಿಲ್ಲ, ಅದೇ ಒಂದು ಕಷ್ಟ. ಅವಳ ಪಕ್ಕದಲ್ಲಿ ಟೀಚರಮ್ಮ. ಕಂಪನಿಯ ಅನ್ನವೆಲ್ಲ ಈ ಟೀಚರಮ್ಮನ ಗಂಟಲಿನಿಂದ ಬರುವುದು. ಶಾಲೆಯಿಂದ ನಿವೃತ್ತಿಯಾದ ಮೇಲೆ ನಿದ್ದೆ ಬಾರದವರಿಗೆ, ಮುನಿಸಿಕೊಂಡವರಿಗೆ, ಒಂಟಿಯಾದವರಿಗೆ ಇವರು ವಾರವಾರ ಸಮಾಧಾನ ಹೇಳುತ್ತಾರೆ. ಮೈಕಿನಲ್ಲಿ ಬೆಣ್ಣೆಯಂಥ ದನಿ, ಮೈಕಿನಾಚೆ ಹಾಜರಿ ಕೂಗುವ ದನಿ. ಅವರ ನಾದಿನಿಯ ಪರಿಚಯದ ಯಾರೋ ಮದುವೆಮನೆಯಲ್ಲಿ ಸಿಕ್ಕಿ, ನಿಮ್ಮದನ್ನು ನಾವು ಮನೆಮಂದಿಯೆಲ್ಲ ಬಿಟ್ಟಿಯಾಗಿಯೇ ಕೇಳುತ್ತೇವೆ ಎಂದು ಸಂತೋಷವಾಗಿ ಹೇಳಿದ್ದೇ ಈ ಸಭೆಗೆ ಕಾರಣ. ಒಂದೇ ಲಿಂಕು ಎರಡು ಮೂರು ಊರುಗಳಲ್ಲಿ ಓಡುತ್ತಿದ್ದರೆ ಹಿಡಿಯುವಂಥ ಪ್ರೋಗ್ರಾಮೊಂದನ್ನು ಬರೆಯಲು ಅವನಿಗೇ ಹೇಳಿದ್ದರು. ಬರೆದ. ಬರೆಯುವಾಗ ಆಫೀಸಿನವರ ಲಿಂಕುಗಳನ್ನು ಬಿಟ್ಟುಬಿಡು ಎಂದು ಒಂದು ಸಾಲು ಸೇರಿಸಿದ್ದ. ಅದನ್ನು ನೋಡಿ ಮೇಡಂ, ನಮ್ಮವರನ್ನ ಯಾಕೆ ಬಿಡೋದು ಎಂದು ಸಹಜವಾಗಿಯೇ ಕೇಳಿದ್ದಳು. ಅವಳೆದುರಿಗೇ ಆ ಸಾಲನ್ನು ಅಳಿಸಿದ್ದ. ಅಳಿಸಿ, ಮನೆಗೆ ಹೋಗಿ, ಉಂಡು, ಮಲಗಿದ್ದ. ಏನಾಗುತ್ತದೆಂದು ಗೊತ್ತಿದ್ದೂ ಮಲಗಿದ್ದು ಹೇಗೆ ಎಂದು ಈಗ ಯೋಚಿಸಿದರೆ, ಬಹುಶಃ ದಣಿವು ಎನ್ನಬೇಕು. ಬಚ್ಚಿಟ್ಟುಕೊಂಡು ಬಚ್ಚಿಟ್ಟುಕೊಂಡು ಮನುಷ್ಯನಿಗೆ ಒಮ್ಮೊಮ್ಮೆ ಸಿಕ್ಕಿಬಿದ್ದರೆ ಸಾಕಪ್ಪ ಎನಿಸುತ್ತದೆ.

ಗೋಡೆಯ ಪರದೆಯ ಮೇಲೆ ಸಿಕ್ಕಿಬಿದ್ದವರ ಹೆಸರುಗಳು ಬಂದವು. ಎಲ್ಲರ ಮುಂದೆಯೂ ಅವನ ಉಪಾಯದ ಆ ಮಾತು, ಇಂಥವರಿಗೆ ಮಾತ್ರ. ಧ್ವನಿ ತಿದ್ದುವವನು, ಅವನಿಗೆ ಆಫೀಸಿನಲ್ಲಿ ಕತ್ತರಿ ಎಂದು ಹೆಸರು, ಒಂದೊಂದನ್ನೇ ಓದುತ್ತಾ ನಗಿಸುತ್ತಿದ್ದ. ಮೊರನಿಗೆ ಮಾತ್ರ ಎನ್ನುವಲ್ಲಿಗೆ ಬಂದಾಗ ನಗು ಜೋರಾಯಿತು. ಯಾರಪ್ಪ ಈ ಮೊರ, ಕೇರುವ ಮೊರವೋ ಎಂದ. ಟೀಚರಮ್ಮನೂ ನಕ್ಕರು. ಅವನ ಎರಡೂ ಕಿವಿಗಳು ಬೆಚ್ಚಗಾದವು, ಈ ಕಿವಿಗಳನ್ನು ನೋಡಿದರೆ ಯಾರಿಗಾದರೂ ಗೊತ್ತಾಗಬೇಕಿತ್ತು ಎಂದುಕೊಂಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರೀಕ್ಷೆಗೆಂದು ಮೊದಲ ಲಿಂಕನ್ನು ತನಗೇ ಮಾಡಿಕೊಂಡಿದ್ದ, ಹೆಸರಿನ ಜಾಗದಲ್ಲಿ ಏನೋ ಒಂದು ಎಂದು ಮೊರ ಎಂದು ಹಾಕಿದ್ದ. ನಾನೇ ಎಂದ. ನಗು ಒಮ್ಮೆಲೇ ನಿಲ್ಲಲಿಲ್ಲ, ಒಬ್ಬೊಬ್ಬರದಾಗಿ ನಿಂತಿತು, ಅದು ಇನ್ನೂ ಕೆಟ್ಟದಾಗಿತ್ತು. ಒಂದು ಫೋನು ಇಲ್ಲಿ, ಇನ್ನೊಂದು ಬಂದರಿನ ಊರಿನಲ್ಲಿ. ಮೇಡಂ ದನಿ ಏರಿಸದೆ, ಅಲ್ಲಿ ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿದಳು. ಹೇಳೋಕಾಗಲ್ಲ ಎಂದ. ಟೀಚರಮ್ಮ ಕನ್ನಡಕ ತೆಗೆದರು. ಅವರ ಎದುರು ಹೋಂವರ್ಕ್ ಮಾಡದೆ ಬಂದ ಅದೆಷ್ಟು ಮಕ್ಕಳು ಹೀಗೆ ನಿಂತಿದ್ದರೋ.

"ನನ್ನ ದನಿ ಏನು ಬೀದಿ ನಲ್ಲಿನಾ? ಬೇಲಿ ಕಾಯೋಕೆ ಕೂರಿಸಿದವರೇ ಹೀಗೆ ಮಾಡಿದರೆ ನಾನು ಯಾರನ್ನ ಕೇಳಬೇಕು?"

ಮೇಡಂ ಅವನ ಮರ್ಯಾದೆ ಉಳಿಸುವವಳ ಹಾಗೆ ವಿಷಯವನ್ನು ಬೇಗ ಮುಗಿಸಿದಳು. ಇವತ್ತು ಸಂಜೆಯೊಳಗೆ ಈ ಲಿಂಕುಗಳನ್ನೆಲ್ಲ ಸಾಯಿಸಿ ಹೊಸದು ಕೊಡಬೇಕು, ಹೊಸದು ಹೋಗುವುದು ಮೂಲ ಚಂದಾದಾರರಿಗೆ ಮಾತ್ರ. ನಾಳೆಯಿಂದ ದಾಖಲೆ ನೋಡುವ ಕೆಲಸ ಕತ್ತರಿಯದು. ಅವನಿಗೆ ನೀವೇ ಎಲ್ಲ ತೋರಿಸಿಕೊಡಿ ಎಂದು ಬೇರೆ ಹೇಳಿದಳು. ಕತ್ತರಿ ಪಾಪ, ಕ್ಷಮೆ ಕೇಳುವವನಂತೆ ಅವನತ್ತ ನೋಡಿದ.

ಕುರ್ಚಿಗೆ ಮರಳಿದಾಗ ಕೆಳಗಿನ ಕೊರೆಯುವ ಸದ್ದು ಪಾದದಿಂದ ಏರಿ ಮಂಡಿಯವರೆಗೆ ಬರುತ್ತಿತ್ತು. ಬೀದಿ ನಲ್ಲಿ. ವರ್ಷಗಳ ಹಿಂದೆ ಅಕ್ಕನ ವಿಷಯ ಭಾವನ ಜತೆ ಅವನು ಮಾತಾಡಿದ್ದು ಕನ್ನಡಕದ ಅಂಗಡಿಯಲ್ಲಿ. ಭಾವನೇ ಕರೆದುಕೊಂಡು ಹೋಗಿದ್ದ, ನಿನ್ನ ಕಣ್ಣು ಕೆಡ್ತಿದೆ, ಹೀಗೆ ಬಿಟ್ಟರೆ ಆಗಲ್ಲ ಎಂದು. ಒಂದೊಂದೇ ಗಾಜು ಬದಲಾಯಿಸುತ್ತಾ ಅಂಗಡಿಯವನು, ಈಗ ಓದಿ, ಈಗ ಓದಿ ಎನ್ನುತ್ತಿದ್ದ. ಭಾವ ಪಕ್ಕದಲ್ಲಿ ನಿಂತು, ನಿಮ್ಮಕ್ಕ ಈಚೆಗೆ ಸರಿಯಾಗಿ ಮಾತಾಡ್ತಿಲ್ಲ, ನಿನಗೇನಾದರೂ ಹೇಳಿದಳಾ ಎಂದ. ಅದರಲ್ಲಿ ಮೋಸವಿರಲಿಲ್ಲ, ನಿಜವಾದ ಕಳವಳವೇ ಇತ್ತು. ಭಾವ ಎಂದೂ ಕೈ ಮಾಡಿದವನಲ್ಲ. ಕೇಳುತ್ತಿದ್ದ, ಅಷ್ಟೇ. ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದ್ದರು, ಅಷ್ಟು ಹೊತ್ತು ಏನು ಮಾತು, ಫೋನು ಯಾಕೆ ಎತ್ತಲಿಲ್ಲ. ಅಕ್ಕ ತರಕಾರಿ ತಂದರೂ ಯಾವ ಅಂಗಡಿ ಎಂದು ಕೇಳುತ್ತಿದ್ದ, ಪ್ರೀತಿಯಿಂದಲೇ. ಅಕ್ಕ ಉತ್ತರ ಕೊಟ್ಟು ಕೊಟ್ಟು ಸವೆದುಹೋಗಿದ್ದಳು. ಬೇರೆ ಊರಿನ ಬಟ್ಟೆ ಕಾರ್ಖಾನೆಯಲ್ಲಿ ವಿನ್ಯಾಸದ ಕೆಲಸ ಸಿಕ್ಕಿದೆ, ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಹೋಗುವತನಕ ಯಾರಿಗೂ ಬೇಡ, ನಿನಗೆ ಮಾತ್ರ ಎಂದಿದ್ದಳು. ಅವನಿಗೆ ಆ ಗುಟ್ಟು ಹೊಟ್ಟೆಯಲ್ಲಿ ಅರಗಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಆ ವಯಸ್ಸಿಗೆ ಅನಿಸಿತ್ತು, ಅಥವಾ ಗೋಡೆಯ ಮೇಲಿನ ಅಕ್ಷರಗಳು ಆಗಷ್ಟೇ ಸ್ಪಷ್ಟವಾಗಿ ಕಂಡ ಹುರುಪಿನಲ್ಲಿ ಅನಿಸಿತ್ತು. ಹೇಳಿಬಿಟ್ಟ. ಭಾವ ಅವನ ಬೆನ್ನು ತಟ್ಟಿದ. ಕಾರ್ಖಾನೆಗೆ ಹೋಗಿ, ನನ್ನ ಹೆಂಡತಿಗೆ ಆರೋಗ್ಯ ಸರಿಯಿಲ್ಲ, ನಿಮಗೆ ತೊಂದರೆಯಾಗೋದು ಬೇಡ ಎಂದು ಎಷ್ಟು ನಯವಾಗಿ ಹೇಳಿ ಬಂದನೆಂದರೆ ಅವರು ಅವನಿಗೇ ಥ್ಯಾಂಕ್ಸ್ ಹೇಳಿ ಕಳಿಸಿದರಂತೆ. ಅಕ್ಕ ಕೂಗಾಡಲಿಲ್ಲ. ಆ ದಿನದಿಂದ ತಮ್ಮನ ಜತೆ ಮಾತು ಬಿಟ್ಟಳು. ಆ ಕನ್ನಡಕ ಅವನು ಬಹಳ ವರ್ಷ ಹಾಕಿಕೊಂಡ, ಚೆನ್ನಾಗಿ ಕಾಣುತ್ತಿತ್ತು.

ಈ ಕೆಲಸಕ್ಕೆ ಸೇರಿದ ಮೇಲೆ ಒಂದು ಮಧ್ಯಾಹ್ನ, ಏನು ಮಾಡುತ್ತಿದ್ದೇನೆಂದು ಪೂರ್ತಿ ಯೋಚಿಸದೆ, ತನ್ನ ಲಿಂಕನ್ನು ಅಕ್ಕನಿಗೆ ಕಳಿಸಿದ್ದ. ಒಂದು ಮಾತೂ ಬರೆಯದೆ ಬರೀ ಲಿಂಕು. ಉತ್ತರ ಬರಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಭಾವನ ಊರಿನಿಂದ ಇನ್ನೊಂದು ಫೋನು ಮೊರನ ಲಿಂಕು ಹಿಡಿದು ಕೇಳಿಕೊಂಡು ಬಂದಿತ್ತು. ಅವನು ಸಾಲನ್ನು ಮತ್ತೆ ಮತ್ತೆ ಓದಿದ. ಅಂದಿನಿಂದ ಅದೇ ಅವರಿಬ್ಬರ ನಡುವಿನ ಮಾತು, ಅದರಲ್ಲಿ ಆಡಿದವರು ಯಾರೂ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ದಿನ ಆ ಸಾಲು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ, ಆಮೇಲೆ ಬಂದಾಗ ಊರು ಬೇರೆಯಾಗಿತ್ತು. ಬಂದರಿನ ಊರು. ಅದೇ ಸಂಜೆ ಭಾವ ಫೋನ್ ಮಾಡಿ, ಅವಳೂ ಮಗಳೂ ಮನೆಯಲ್ಲಿಲ್ಲ, ನಂಬರೂ ಬದಲಾಯಿಸಿದ್ದಾಳೆ ಎಂದಿದ್ದ. ಗೊತ್ತಿಲ್ಲ ಭಾವ ಎಂದು ಅವನು ಮೊದಲ ಸಲ ಹೇಳಿದ್ದು ಆಗ. ಹೇಳಿ, ಈ ಸಲ ಬಾಯಿ ಬಿಡಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆ ಪಟ್ಟಿದ್ದ. ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಎದ್ದು ಅವಳು ಎಲ್ಲಿದ್ದಾಳೆಂದು ಅವಳಿಗೆ ಗೊತ್ತಾಗದ ಹಾಗೆ ನೋಡುವುದಕ್ಕೂ ಯಾವ ಅಂಗಡಿಯ ತರಕಾರಿ ಎಂದು ಕೇಳುವುದಕ್ಕೂ ಏನು ವ್ಯತ್ಯಾಸ? ಭಾವನಾದರೂ ಎದುರಿಗೆ ನಿಂತು ಕೇಳುತ್ತಿದ್ದ.

ಸಂಜೆ ಈ ಲಿಂಕು ಸತ್ತರೆ ಅಕ್ಕನ ಹೊಸ ನಂಬರು ಅವನ ಬಳಿ ಇಲ್ಲ, ವಿಳಾಸ ಇಲ್ಲ. ಬಂದರಿನ ಊರಿನಲ್ಲಿ ಅಕ್ಕ ಎಂಬುವಳೊಬ್ಬಳು ಇದ್ದಾಳೆ ಎಂಬಲ್ಲಿಗೆ ಮುಗಿಯಿತು. ಅವಳ ಫೋನು ಬಂದು ಬಾಗಿಲು ತಟ್ಟುತ್ತದೆ, ಇಲ್ಲ ಎಂದು ಹೇಳಿಸಿಕೊಂಡು ಹೋಗುತ್ತದೆ, ನಾಳೆಯಿಂದ ಅದನ್ನು ನೋಡುವವನು ಕತ್ತರಿ. ಅವನು ಬಾಯಿಬಡುಕ, ಊಟದ ಹೊತ್ತಿಗೆ ಅದು ಎಲ್ಲರ ತಟ್ಟೆಯಲ್ಲಿರುತ್ತದೆ. ಮೇಡಂ ಹೊಸ ಲಿಂಕು ಕೊಟ್ಟರೂ ಅದನ್ನು ಅಕ್ಕನಿಗೆ ತಲುಪಿಸುವ ದಾರಿ ಈ ಸಾಯುವ ಲಿಂಕೊಂದೇ. ಹೀಗೆ ಯೋಚಿಸುತ್ತಾ ಬಂದು ಅವನು ಅಲ್ಲೇ ನಿಂತ. ದಾರಿ ಇದೆ. ಚಂದಾ ಮುಗಿಯುತ್ತಾ ಬಂದವರಿಗೆ ಅವರೊಬ್ಬರ ಲಿಂಕಿನಲ್ಲಿ ಮಾತ್ರ ಕಾಣುವಂತೆ ಒಂದು ಸಣ್ಣ ಸಂಚಿಕೆ ಹಾಕುವ ವ್ಯವಸ್ಥೆಯಿದೆ, ಅದನ್ನು ಮಾಡಿದವನೂ ಅವನೇ. ನಿಮ್ಮ ಚಂದಾ ಮುಗಿಯಲಿದೆ ಎಂದು ಟೀಚರಮ್ಮ ಬೆಣ್ಣೆಯ ದನಿಯಲ್ಲಿ ಹೇಳುವ ಅದೇ ಜಾಗದಲ್ಲಿ ಅವನೂ ಏನಾದರೂ ಹೇಳಬಹುದು. ಲೋಕದಲ್ಲಿ ಎರಡೇ ಫೋನುಗಳಿಗೆ ಅದು ಹೋಗುತ್ತದೆ, ಒಂದು ಅವನದೇ.

ಟೀಚರಮ್ಮನ ಮುದ್ರಣ ಮುಗಿದು, ಡಾಕ್ಟರು ಊಟ ಮುಗಿಸಿ ಬಂದು, ಎಲ್ಲರೂ ತಮ್ಮ ಡಬ್ಬಿ ತೆರೆದಾಗ ಅವನು ಮೈಕಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಗೋಡೆಗೆಲ್ಲ ದಪ್ಪ ಸ್ಪಂಜು, ತನ್ನ ಉಸಿರೇ ತನಗೆ ಕೇಳಿಸುವಂಥ ಮೌನ, ಅದರಡಿಯಲ್ಲಿ ಕೆಳಗಿನ ಕೊರೆತ. ಟೀಚರಮ್ಮ ಕುಡಿದು ಬಿಟ್ಟ ಬಿಸಿನೀರಿನ ಲೋಟ ಇನ್ನೂ ಅಲ್ಲೇ ಇತ್ತು. ಮಾತು ಬಿಟ್ಟವರೊಡನೆ ಮಾತು ಶುರುಮಾಡುವುದು ಹೇಗೆ ಎಂದು ಅವರು ಇಡೀ ಒಂದು ಸಂಚಿಕೆ ಮಾಡಿದ್ದರು, ಅವನು ಅದನ್ನು ಗುಟ್ಟಾಗಿ ಎರಡು ಸಲ ಕೇಳಿದ್ದ. ಈಗ ಒಂದು ಸಾಲೂ ನೆನಪಿಗೆ ಬರಲೊಲ್ಲದು. ಕೆಂಪು ದೀಪ ಹತ್ತಿತು. ಅಕ್ಕ ಎನ್ನಲು ಹೋದ, ಕೆಮ್ಮು ಬಂತು. ಕೆಮ್ಮಿದ. ಮತ್ತೆ ಶುರುಮಾಡಬೇಕೆಂದರೆ, ಎಲ್ಲಿಂದ? ಕನ್ನಡಕದ ಅಂಗಡಿಯಿಂದಲೇ, ಬಾಗಿಲ ಸಂದಿಯಿಂದಲೇ? ಕ್ಷಮಿಸು ಎನ್ನುವ ಮಾತು ಟೀಚರಮ್ಮನ ಬಾಯಲ್ಲಿ ಕೇಳಿ ಕೇಳಿ ಅದರ ರುಚಿಯೇ ಹೋಗಿತ್ತು. ಇನ್ನೊಮ್ಮೆ ಕೆಮ್ಮಿದ. ಕೆಂಪು ದೀಪ ಉರಿಯುತ್ತಲೇ ಇತ್ತು, ಅವನು ಮೈಕನ್ನು ನೋಡುತ್ತಾ ಕೂತಿದ್ದ, ಹೊರಗೆ ಯಾರೋ ಚಮಚ ಬೀಳಿಸಿದರು. ಸಾಕು ಎನಿಸಿ ಆರಿಸಿದ. ಆರಿಸಿ, ತನಗೇ ನಾಚಿಕೆಯಾಗಿ, ಹೇಗೂ ಅಕ್ಷರಗಳಾದರೂ ಕಾಣುತ್ತವಲ್ಲ ಎಂದು ಆ ಬರಿದಾದ ಸಂಚಿಕೆಗೆ ಹೆಸರು ಕೊಟ್ಟ. ಅಕ್ಕಾ, ಈ ಲಿಂಕು ಸಂಜೆ ಸಾಯುತ್ತೆ, ನನಗೆ ಫೋನ್ ಮಾಡು. ಕಳಿಸಿದ. ತುಸು ಹೊತ್ತಿನಲ್ಲಿ ಅವನ ಜೇಬಿನಲ್ಲೇ ಫೋನು ನಡುಗಿತು. ತೆರೆದು ನೋಡಿದರೆ ಅದೇ, ಅಕ್ಕಾ, ಈ ಲಿಂಕು ಸಂಜೆ ಸಾಯುತ್ತೆ. ಅದರ ಮೇಲೆ, ಮೊರನಿಗೆ ಮಾತ್ರ.

ಆಮೇಲೆ ಅವನು ಕೂತು ಒಂದೊಂದಾಗಿ ಲಿಂಕುಗಳನ್ನು ಸಾಯಿಸಿದ. ವಾಕಿಂಗ್ ಗುಂಪಿನ ನಿವೃತ್ತ ಅಧಿಕಾರಿಯದನ್ನು, ಯಾವುದೋ ಹಾಸ್ಟೆಲಿನಲ್ಲಿ ಕೋಣೆಯಿಂದ ಕೋಣೆಗೆ ದಾಟಿದ್ದೊಂದನ್ನು, ಒಂದೇ ಮನೆಯ ಗಂಡ ಹೆಂಡತಿ ಈಗ ಬೇರೆ ಬೇರೆ ಊರಿನಲ್ಲಿದ್ದೂ ಒಟ್ಟಿಗೇ ಬಳಸುತ್ತಿದ್ದುದನ್ನು. ಅದನ್ನು ಒತ್ತುವಾಗ ಕೈ ಸ್ವಲ್ಪ ತಡೆಯಿತು. ಎಲ್ಲರೂ ಕಳ್ಳರಾಗಿರಲಿಲ್ಲ, ಕೆಲವರು ಬರೀ ಹಂಚಿಕೊಂಡಿದ್ದರು. ಕತ್ತರಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕಲಿತ. ಬೆಳಿಗ್ಗೆ ನಗಿಸಿದ್ದಕ್ಕೆ ಬೇಜಾರಾಗಬೇಡಿ ಎಂದ. ಇಲ್ಲಪ್ಪ ಎಂದ ಇವನು. ನಡುನಡುವೆ ದಾಖಲೆ ನೋಡಿದ. ಬಂದರಿನ ಊರಿನ ಫೋನು ಬಂದಿತ್ತು, ಕೆಮ್ಮನ್ನು ಇಳಿಸಿಕೊಂಡು ಹೋಗಿತ್ತು. ಇಳಿಸಿಕೊಂಡದ್ದು ಕೇಳಿದಂತಲ್ಲ, ನೋಡಿದಂತೆಯೂ ಅಲ್ಲ. ಫೋನು ಮಗಳ ಕೈಲಿರಬಹುದು, ಕಪಾಟಿನಲ್ಲಿರಬಹುದು, ಯಾರಿಗೋ ಮಾರಿರಬಹುದು. ಹೀಗೂ ಇರಬಹುದು ಎಂದು ಇಷ್ಟು ತಿಂಗಳಲ್ಲಿ ಒಮ್ಮೆಯೂ ಯೋಚಿಸದೆ ಇದ್ದದ್ದು, ತಿಳಿದವನೇ ಮಾಡಬಹುದಾದ ತಪ್ಪು. ಪಟ್ಟಿಯಲ್ಲಿ ಕೊನೆಗೆ ಮೊರನೊಬ್ಬನೇ ಉಳಿದ. ಕತ್ತರಿ ಅದನ್ನು ನೋಡಿಯೂ ನೋಡದವನಂತೆ, ಟೀ ತರ್ತೀನಿ ಎಂದು ಎದ್ದು ಹೋದ. ಆ ದಿನ ಅವನಿಗೆ ಯಾರಾದರೂ ಮಾಡಿದ ಉಪಕಾರವೆಂದರೆ ಅದೊಂದು.

ಕೆಳಗೆ ಕ್ಲಿನಿಕ್ಕಿನ ಶಟರು ಎಳೆಯುವ ಸದ್ದಾಗುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವನು ಮೆಟ್ಟಿಲಿಗೆ ಓಡಿದ. ಆಚೆಯಿಂದ ಮೊದಲು ಪಾತ್ರೆಯ ಸದ್ದು, ಯಾರೋ ಹುಡುಗಿ ಏನೋ ಪಾಠ ಓದುವ ಸದ್ದು.

"ಅದರಲ್ಲಿ ಏನೂ ಇಲ್ವಲ್ಲೋ," ಎಂದಳು ಅಕ್ಕ. "ಬರೀ ಕೆಮ್ಮು. ಹಿಂದೆ ಯಾರೋ ಏನೋ ಕೊರೀತಿದ್ದಾರೆ."

"ಹಲ್ಲಿನ ಡಾಕ್ಟರು."

"ನಿನಗೇನಾಗಿದೆ ಹಲ್ಲಿಗೆ?"

ಕೆಳಗಿನ ಮಹಡಿಯವರು ಎಂದ. ಅವಳು ಹೂಂ ಎಂದಳು. ವರ್ಷಗಟ್ಟಲೆ ಮಾತು ಬಿಟ್ಟವರು ಹಲ್ಲಿನ ಡಾಕ್ಟರ ವಿಷಯ ಮಾತಾಡುತ್ತಿದ್ದಾರೆ ಎಂದು ಅವನಿಗೆ ನಗು ಬರುವ ಹಾಗಾಯಿತು, ಬಂದದ್ದು ನಗುವಲ್ಲ, ಮೆಟ್ಟಿಲಿನ ಕಂಬಿ ಹಿಡಿದುಕೊಂಡ. ಆ ಹೆಂಗಸಿನ ದನಿ ನನಗಾಗಲ್ಲ, ಬೆಲ್ಲ ಜಾಸ್ತಿ, ಒಂದನ್ನೂ ಕೇಳಿಲ್ಲ ಎಂದು ಅಕ್ಕ ಹೇಳಿದಳು. ಕೇಳಿದ್ದು ಇವತ್ತಿನ ಕೆಮ್ಮೊಂದೇ. ಮತ್ತೆ ಯಾಕೆ ಇಟ್ಟುಕೊಂಡಿದ್ದೆ ಎಂದು ಅವನು ಕೇಳಿದ. ಕೇಳಿದ್ದು ತಪ್ಪಾಯಿತೇನೋ ಎನಿಸಿತು, ಅವಳ ಬಳಿ ಪ್ರಶ್ನೆ ಕೇಳುವವರು ಆಗಲೇ ಒಬ್ಬರಿದ್ದರು.

"ವಾರವಾರ ಫೋನಿನಲ್ಲಿ ನಿನ್ನ ಹೆಸರು ಬರ್ತಿತ್ತು, ಮೊರನಿಗೆ ಮಾತ್ರ ಅಂತ. ಮೊದಲು ಕೋಪ ಬರ್ತಿತ್ತು. ಆಮೇಲೆ ರೂಢಿಯಾಯ್ತು." ಯಾವುದನ್ನೋ ಒಲೆಯಿಂದ ಇಳಿಸಿದ ಸದ್ದಾಯಿತು. "ನಿನ್ನ ಕೆಲಸ ಏನು ಅಂತ ನನಗೆ ಗೊತ್ತಿಲ್ವೇನೋ? ಮನೆ ಬಿಟ್ಟು ಬಂದಾಗ ಫೋನಿನಿಂದ ಎಲ್ಲ ತೆಗೆದೆ, ಇದೊಂದನ್ನ ತೆಗೀಲಿಲ್ಲ. ನಾನೆಲ್ಲಿದೀನಿ ಅಂತ ಮೊರನಿಗೆ ಕಾಣುತ್ತೆ, ನೋಡೋಣ ಏನು ಮಾಡ್ತಾನೆ ಅಂತ. ಒಂದು ವಾರ ಬಾಗಿಲು ಬಡಿದಾಗಲೆಲ್ಲ ನಿಮ್ಮ ಭಾವನೇ ಬಂದರು ಅಂದ್ಕೊಳ್ತಿದ್ದೆ. ಬರಲಿಲ್ಲ."

ದಿನಾ ಬೆಳಿಗ್ಗೆ ಬ್ರಷ್ಷು ಕಚ್ಚಿಕೊಂಡು ನೋಡುವಾಗ ತನ್ನನ್ನೂ ಆಚೆಯಿಂದ ಒಬ್ಬಳು ನೋಡುತ್ತಿದ್ದಳು. ಮೆಟ್ಟಿಲಿನ ಮೇಲೆ ಕೂತುಕೊಂಡ. ಭಾವ ಈಗಲೂ ಅಮ್ಮನಿಗೆ ಫೋನ್ ಮಾಡುವುದನ್ನು, ತಾನು ಗೊತ್ತಿಲ್ಲ ಎನ್ನುವುದನ್ನು ಹೇಳಿದ. ಹಾಗನ್ನಬೇಡ ಎಂದಳು ಅಕ್ಕ. ಅವಳಿಗೆ ಗಂಡನನ್ನು ಇವನಿಗಿಂತ ಚೆನ್ನಾಗಿ ಗೊತ್ತಿತ್ತು.

"ಗೊತ್ತಿಲ್ಲ ಅಂದರೆ ಅವರು ಎಲ್ಲರನ್ನೂ ಕೇಳ್ತಾ ಹೋಗ್ತಾರೆ. ಮಗಳ ಹಳೇ ಶಾಲೆಗೂ ಹೋಗಿ ಕೂತಿದ್ದರಂತೆ. ಗೊತ್ತು, ಹೇಳಲ್ಲ ಅನ್ನು. ಆಗ ನಿನ್ನ ಬಾಗಿಲಲ್ಲೇ ನಿಂತ್ಕೊಳ್ತಾರೆ, ಬೇರೆಯವರಿಗೆ ಬಿಡುವಾಗುತ್ತೆ. ನಿನ್ನ ಕೈಲಾಗುತ್ತಾ?"

ಆಗುತ್ತೆ ಎಂದ. ಆಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅಕ್ಕ ಬೀದಿಯ ಹೆಸರು ಹೇಳಿದಳು, ಮನೆ ಎಷ್ಟನೆಯ ಮಹಡಿ, ಯಾವ ಬಣ್ಣದ ಬಾಗಿಲು ಎಂದು ಹೇಳಿದಳು. ಎಲ್ಲೂ ಬರ್ಕೋಬೇಡ ಎಂದಳು. ಅಮ್ಮನಿಗೆ ಎಂದು ಕೇಳಿದ. ಚೆನ್ನಾಗಿದ್ದಾರೆ ಅನ್ನು, ಎಲ್ಲಿ ಅಂತ ಬೇಡ, ಅಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ ಎಂದಳು. ಹಿಂದೆ ಓದುವ ಸದ್ದು ನಿಂತು, ಯಾರಮ್ಮ ಎಂಬ ದನಿ ಕೇಳಿಸಿತು. ನಿನ್ನ ಮಾಮ ಎಂದಳು ಅಕ್ಕ, ಫೋನಿಡುವ ಮೊದಲು.

ಮರಳಿ ಬಂದು ಅವನು ಮೊರನ ಸಾಲಿನ ಮೇಲೆ ಒತ್ತಿದ. ನಿಜವಾಗಿಯೂ ರದ್ದು ಮಾಡಬೇಕೇ ಎಂದು ಯಂತ್ರ ಕೇಳಿತು, ಅದನ್ನು ಹಾಗೆ ಕೇಳುವಂತೆ ಬರೆದವನೂ ಅವನೇ. ಹೌದು ಎಂದ. ಹೊಸ ಲಿಂಕು ಬೇಕೇ ಎಂದಿತು. ಬೇಡ ಎಂದ. ಸ್ವಲ್ಪ ಹೊತ್ತಿನಲ್ಲಿ ಬಂದರಿನ ಊರಿನ ಫೋನು ಬಂದು ಬಾಗಿಲು ತಟ್ಟಿತು, ಇಲ್ಲವೆನಿಸಿಕೊಂಡು ಹೋಯಿತು. ಇನ್ನೊಮ್ಮೆ ಬರುವ ಹೊತ್ತಿಗೆ ಕಾದ. ಬರಲಿಲ್ಲ. ಅಕ್ಕ ಅದನ್ನು ಫೋನಿನಿಂದ ತೆಗೆದಿರಬೇಕು. ಟೀ ತಣ್ಣಗಾಗಿತ್ತು, ಕುಡಿದ. ಮೇಡಂ ಹೊರಡುವಾಗ ಬಾಗಿಲಲ್ಲಿ ನಿಂತು, ಆಯಿತಾ ಎಂದಳು. ಆಯಿತು ಎಂದ.

ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಹೇಳಬೇಕೆಂದುಕೊಂಡ, ಮೊದಲು ಕೈಕಾಲು ತೊಳೆಯೋಣ ಎಂದುಕೊಂಡ, ಅಷ್ಟರಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಎರಡು ದಿನ ಒಂದೇ ಸಮನೆ ಭಾವ ಫೋನ್ ಮಾಡಿದ್ದು ಇದೇ ಮೊದಲು. ಅಮ್ಮ ಮಂಡಿ ನೋವಿಗೆ ಉತ್ತರ ಕೊಟ್ಟಳು, ಔಷಧಿಗೆ ಉತ್ತರ ಕೊಟ್ಟಳು, ಆಮೇಲೆ ಎಂದಿನಂತೆ ಫೋನನ್ನು ಅವನತ್ತ ಚಾಚಿದಳು. ಭಾವ ಅದೇ ನಿಧಾನದ ದನಿಯಲ್ಲಿ ಅದೇ ಮಾತು ಕೇಳಿದ. ಆ ದನಿಯಲ್ಲೂ ದಣಿವಿತ್ತು. ಪಾಪ ಎನಿಸಿತು, ಹಾಗೆ ಅನಿಸಿದ್ದರಿಂದಲೇ ಅಂದು ಕನ್ನಡಕದ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದು. ಈ ಸಲ ಕೈ ಕಿವಿಗೆ ಹೋಗಲಿಲ್ಲ.

"ಗೊತ್ತು ಭಾವ," ಎಂದ. "ಹೇಳಲ್ಲ."

ಆಚೆಯಿಂದ ಪ್ರಶ್ನೆಗಳು ಬಂದವು, ಒಂದರ ಹಿಂದೊಂದು, ಯಾವಾಗಿನಿಂದ ಗೊತ್ತು, ಯಾರು ಹೇಳಿದರು, ಮಗಳು ಹೇಗಿದ್ದಾಳೆ, ನೀನೂ ಹೀಗೆ ಮಾಡಬಹುದಾ, ನಿನಗೆ ನಾನೇನು ಕಡಿಮೆ ಮಾಡಿದ್ದೆ. ಅವನು ಯಾವುದಕ್ಕೂ ಉತ್ತರ ಕೊಡಲಿಲ್ಲ, ಫೋನನ್ನೂ ಇಡಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡ. ಇನ್ನು ಮೇಲೆ ಅಮ್ಮನಿಗೆ ಮಾಡಬೇಡಿ, ನನಗೇ ಮಾಡಿ ಎಂದಷ್ಟೇ ಕೊನೆಗೆ ಹೇಳಿದ. ಮಾಡುತ್ತಾನೆ, ನಾಳೆಯೂ ಮಾಡುತ್ತಾನೆ, ಅದು ಗೊತ್ತಿತ್ತು. ಫೋನಿಟ್ಟು ತಿರುಗಿದಾಗ ಅಮ್ಮ ಮಡಿಸಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದಳು.

"ಚೆನ್ನಾಗಿದ್ದಾಳಾ?"

"ಹೂಂ. ಮಗಳು ಪಾಠ ಓದ್ತಿದ್ಲು."

ಅಮ್ಮ ತಲೆಯಾಡಿಸಿದಳು. ಟವೆಲನ್ನು ಬಟ್ಟೆಗಳ ಮೇಲಿಟ್ಟು, ಅಂಚು ಸರಿಮಾಡಿ, ಊಟಕ್ಕೆ ತಟ್ಟೆ ತೆಗಿ ಎಂದು ಎದ್ದಳು. ಎಲ್ಲಿ ಎಂದು ಅವಳು ಕೇಳಲಿಲ್ಲ.